ಬಿಳಿಬಣ್ಣದ ದೋಷದಿಂದ ಜಲಶುದ್ಧಿಯವರೆಗೆ: ಟೈಟಾನಿಯಂ ಡೈಆಕ್ಸೈಡಿನ ದ್ಯುತಿವೇಗವರ್ಧನೆಯ ಚರಿತ್ರೆ

ಸೂರ್ಯನ ಬೆಳಕಿನಿಂದ ಚುರುಕುಗೊಂಡು ನೀರಿನಲ್ಲಿರುವ ಮಲಿನ ವಸ್ತುಗಳನ್ನು ಒಡೆಯುವ ನ್ಯಾನೊಕಣಗಳ ಚರಿತ್ರೆಯನ್ನು 1972ರಿಂದ ಆರಂಭಿಸುವುದು ವಾಡಿಕೆಯಾಗಿದೆ. ಆ ವರ್ಷ ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೊಂಡಾ ಅವರ ಪ್ರಸಿದ್ಧ ಲೇಖನ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೆ ಆ ಲೇಖನದ ವಿಷಯ ನೀರಿನ ವಿಭಜನೆಯೇ ಹೊರತು ನೀರಿನ ಶುದ್ಧೀಕರಣವಲ್ಲ. ಶುದ್ಧೀಕರಣದ ಎಳೆಯನ್ನು ಹಿಡಿದು ಹಿಂದಕ್ಕೆ ಸಾಗಿದರೆ ಅದು ಗೋಡೆಗೆ ಬಳಿಯುವ ಬಣ್ಣದ ಉದ್ಯಮಕ್ಕೆ ಕೊಂಡೊಯ್ಯುತ್ತದೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವಿಷಕಾರಿಯಾದ ಸೀಸದ ಬಿಳಿಬಣ್ಣಕ್ಕೆ ಬದಲಾಗಿ ಟೈಟಾನಿಯಂ ಡೈಆಕ್ಸೈಡ್ ಬಳಕೆಗೆ ಬಂದಿತು. ಬಿಸಿಲಿಗೆ ಒಡ್ಡಿದ ಕಡೆಗಳಲ್ಲಿ ಈ ಬಣ್ಣ ಕೆಲಕಾಲದ ನಂತರ ಸುಣ್ಣದಂತೆ ಪುಡಿಪುಡಿಯಾಗಿ ಉದುರತೊಡಗಿತು. 1921ರಲ್ಲಿ ಕಾರ್ಲ್ ರೆನ್ಜ್, ಸಾವಯವ ವಸ್ತುಗಳ ಸಂಪರ್ಕದಲ್ಲಿ ಈ ಪುಡಿ ಬಿಸಿಲಿಗೆ ಬಣ್ಣ ಬದಲಿಸುವುದನ್ನು ವರದಿ ಮಾಡಿದರು. 1938ರಲ್ಲಿ ಲಂಡನ್ನಿನ ಗುಡೀವ್ ಮತ್ತು ಕಿಚನರ್, ನೇರಳಾತೀತ ಬೆಳಕನ್ನು ಹೀರಿದ ಟೈಟಾನಿಯಂ ಡೈಆಕ್ಸೈಡ್ ತಾನು ವ್ಯಯವಾಗದೆ ರಂಗನ್ನು ಕಳೆಗುಂದಿಸುತ್ತದೆಂದು ತೋರಿಸಿದರು. ವೇಗವರ್ಧಕವೊಂದರ ಲಕ್ಷಣವೆಲ್ಲವೂ ಇಲ್ಲಿದೆ. ಆದರೂ ಉದ್ಯಮದ ದೃಷ್ಟಿಯಲ್ಲಿ ಇದು ದೋಷವೇ ಆಗಿತ್ತು. ಕಣಗಳ ಮೇಲೆ ಸಿಲಿಕಾ, ಅಲ್ಯೂಮಿನಾಗಳ ತೆಳುಹೊದಿಕೆ ನೀಡಿ ಆ ಗುಣವನ್ನು ಅಡಗಿಸುವುದೇ ಅದರ ಗುರಿಯಾಯಿತು. ನೀರನ್ನು ಶುದ್ಧಗೊಳಿಸುವ ಗುಣವೂ ಅದೇ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಟೋಕಿಯೊ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಫುಜಿಶಿಮಾ, ನೀರಿನಲ್ಲಿ ಮುಳುಗಿಸಿದ ಟೈಟಾನಿಯಂ ಡೈಆಕ್ಸೈಡ್ ಹರಳಿನ ಮೇಲೆ ಬೆಳಕು ಬಿದ್ದಾಗ ಗುಳ್ಳೆಗಳೇಳುವುದನ್ನು ಕಂಡರು. ಲೇಖನ ಪ್ರಕಟವಾದ ಮರುವರ್ಷವೇ ತೈಲ ಬಿಕ್ಕಟ್ಟು ತಲೆದೋರಿದ್ದರಿಂದ, ಬಿಸಿಲಿನಿಂದ ಹೈಡ್ರೋಜನ್ ಪಡೆಯುವ ಆಸೆ ಈ ಶೋಧಕ್ಕೆ ಅಪಾರ ಮನ್ನಣೆ ತಂದಿತು. ಇಂಧನವಾಗಿ ಫಲ ನಿರೀಕ್ಷಿಸಿದಷ್ಟು ದೊರೆಯಲಿಲ್ಲ. ಅಷ್ಟರಲ್ಲಿ ಬೇರೆಡೆ ಇನ್ನೊಂದು ದಾರಿ ತೆರೆದಿತ್ತು. 1976ರಲ್ಲಿ ಕೆನಡಾದ ಕೇರಿ ಮತ್ತು ಸಂಗಡಿಗರು ನೀರಿನಲ್ಲಿನ ಪಿಸಿಬಿ ಎಂಬ ಕ್ಲೋರಿನ್‌ಯುಕ್ತ ವಿಷವಸ್ತುಗಳನ್ನು ಈ ಪುಡಿಯಿಂದ ಒಡೆದರು. 1977ರಲ್ಲಿ ಅಮೆರಿಕದ ಫ್ರಾಂಕ್ ಮತ್ತು ಬಾರ್ಡ್ ಸಯನೈಡನ್ನು ಉತ್ಕರ್ಷಿಸಿದರು. ಜಲಶುದ್ಧಿಯ ಚರಿತ್ರೆಗೆ 1972ಕ್ಕಿಂತ ಈ ಎರಡು ವರ್ಷಗಳೇ ಮುಖ್ಯವೆನ್ನಬೇಕು.

ಇದರ ತತ್ತ್ವ ಹೀಗಿದೆ. ಅರೆವಾಹಕ ಕಣವು ತಕ್ಕಷ್ಟು ಶಕ್ತಿಯ ಬೆಳಕನ್ನು ಹೀರಿದಾಗ ಎಲೆಕ್ಟ್ರಾನೊಂದು ಮೇಲಿನ ಪಟ್ಟಿಗೆ ಜಿಗಿದು, ಕೆಳಗೆ ಧನಾತ್ಮಕ ರಂಧ್ರವೊಂದು ಉಳಿಯುತ್ತದೆ. ರಂಧ್ರವು ನೀರಿನಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅನ್ನು ಉಂಟುಮಾಡುತ್ತದೆ. ಅದು ಸಾವಯವ ಅಣುಗಳನ್ನು ಹಂತಹಂತವಾಗಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನವರೆಗೆ ಒಡೆಯಬಲ್ಲದು. ಆದರೆ ಅನಾಟೇಸ್ ರೂಪದ ಟೈಟಾನಿಯಂ ಡೈಆಕ್ಸೈಡಿಗೆ ಬೇಕಾದದ್ದು 3.2 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 387 ನ್ಯಾನೊಮೀಟರಿಗಿಂತ ಕಿರಿದಾದ ತರಂಗ. ಬಿಸಿಲಿನಲ್ಲಿ ನೇರಳಾತೀತದ ಪಾಲು ಶೇಕಡ 5ರ ಆಸುಪಾಸು ಮಾತ್ರ. ಮುಂದಿನ ಬಹುತೇಕ ಸಂಶೋಧನೆ ಈ ಮಿತಿಯೊಡನೆ ನಡೆದ ಹೋರಾಟವಾಗಿದೆ.

ಸ್ಪೇನಿನ ಅಲ್ಮೇರಿಯಾ ಸೌರಕೇಂದ್ರದಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗಗಳು ಈ ದೃಷ್ಟಿಯಿಂದ ಗಮನಾರ್ಹ. ಬಿಸಿಲನ್ನು ಸಾಂದ್ರಗೊಳಿಸುವ ಕನ್ನಡಿತೊಟ್ಟಿಗಳು ನೇರ ಕಿರಣವನ್ನಷ್ಟೇ ಹಿಡಿಯುತ್ತವೆ. ನೇರಳಾತೀತವಾದರೋ ವಾತಾವರಣದಲ್ಲಿ ಚದುರಿ, ಅದರ ಬಹುಪಾಲು ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುತ್ತದೆ. ಆದ್ದರಿಂದ ಸಾಂದ್ರೀಕರಣವನ್ನು ಬಿಟ್ಟು, ಚದುರಿದ ಬೆಳಕನ್ನೂ ಸಂಗ್ರಹಿಸುವ ಸರಳ ವಕ್ರಕನ್ನಡಿಗಳತ್ತ ಅಲ್ಲಿನ ವಿಜ್ಞಾನಿಗಳು ಹೊರಳಿದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕನ್ನಡಿಯ ಬದಲು ಕಣವನ್ನೇ ತಿದ್ದುವ ಮಾರ್ಗ ಹಿಡಿಯಿತು. ಕೆ. ಸಿ. ಪಾಟೀಲರು ಅಲ್ಲಿ 1980ರ ದಶಕದಲ್ಲಿ ರೂಢಿಸಿದ್ದ ದ್ರಾವಣ ದಹನ ವಿಧಾನವನ್ನು ನಾಗವೇಣಿ, ಶಿವಲಿಂಗಂ, ಎಂ. ಎಸ್. ಹೆಗಡೆ ಮತ್ತು ಗಿರಿಧರ್ ಮದ್ರಾಸ್ ಬಳಸಿಕೊಂಡರು. ಟೈಟಾನೈಲ್ ನೈಟ್ರೇಟ್ ಮತ್ತು ಗ್ಲೈಸೀನ್ ದ್ರಾವಣವನ್ನು ಕುಲುಮೆಯಲ್ಲಿ ಉರಿಸಿದಾಗ 8ರಿಂದ 10 ನ್ಯಾನೊಮೀಟರ್ ಗಾತ್ರದ ಅನಾಟೇಸ್ ದೊರೆಯಿತು. ದಹನದಲ್ಲಿ ಸೇರಿಕೊಂಡ ಇಂಗಾಲದಿಂದಾಗಿ ಅದು ಗೋಚರ ಬೆಳಕನ್ನೂ ಹೀರಿತು. ಬಿಸಿಲಿನಲ್ಲಿ ಬಟ್ಟೆಯ ರಂಗುಗಳನ್ನು ಒಡೆಯುವಲ್ಲಿ ಅದು ಮಾನದಂಡವೆನಿಸಿದ್ದ ಡೆಗುಸ್ಸಾ ಪಿ-25 ಪುಡಿಯನ್ನು ಮೀರಿಸಿತೆಂದು 2004ರಲ್ಲಿ ಅವರು ಪ್ರಕಟಿಸಿದರು.

ರಂಗಿನ ಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಮೆಥಿಲೀನ್ ಬ್ಲೂ ಮುಂತಾದ ರಂಗುಗಳು ಸ್ವತಃ ಗೋಚರ ಬೆಳಕನ್ನು ಹೀರುತ್ತವೆ. ಬಣ್ಣ ಮಾಯವಾದ ಮಾತ್ರಕ್ಕೆ ಅಣು ಪೂರ್ಣ ಒಡೆಯಿತೆನ್ನಲಾಗದು. 2006ರಲ್ಲಿ ಜಪಾನಿನ ಓಹ್ತಾನಿ ಮತ್ತು ಸಹೋದ್ಯೋಗಿಗಳು ಇದನ್ನೇ ಪ್ರಶ್ನಿಸಿದರು. ಕ್ಷೇತ್ರದಲ್ಲಿ ಪ್ರಕಟವಾದ ಅಸಂಖ್ಯಾತ ಲೇಖನಗಳನ್ನು ಈ ಪ್ರಶ್ನೆ ತಟ್ಟುತ್ತದೆ.

ಇನ್ನೊಂದು ತೊಡಕು ಗಾತ್ರಕ್ಕೆ ಸಂಬಂಧಿಸಿದ್ದು. ಕಣ ಕಿರಿದಾದಷ್ಟೂ ಮೇಲ್ಮೈ ಹಿಗ್ಗುತ್ತದೆ, ಆದರೆ ಅಂಥ ಕಣ ನೀರಿನಲ್ಲಿ ಸುಲಭವಾಗಿ ತಳ ಸೇರುವುದಿಲ್ಲ. ಗಾಜಿಗೆ ಅಂಟಿಸಿದರೆ ಸೋಸುವ ಕೆಲಸ ತಪ್ಪುತ್ತದೆ, ವೇಗವೂ ತಗ್ಗುತ್ತದೆ. 2004ರಲ್ಲಿ ಅಲ್ಮೇರಿಯಾ ಪ್ರಾಂತ್ಯದಲ್ಲಿಯೇ, ಕೀಟನಾಶಕದ ಡಬ್ಬಗಳನ್ನು ತೊಳೆದ ನೀರಿಗಾಗಿ ಸ್ಥಾಪನೆಯಾದ ಸೌರಘಟಕ ಟೈಟಾನಿಯಂ ಪುಡಿಯನ್ನು ಬಿಟ್ಟು ಕಬ್ಬಿಣದ ಲವಣ ಹಾಗೂ ಹೈಡ್ರೋಜನ್ ಪೆರಾಕ್ಸೈಡನ್ನು ಆಶ್ರಯಿಸಿತು.