ಅರಿಶಿನ, ಮೆಣಸಿನಕಾಯಿ, ಸುಣ್ಣ, ಕೆಮ್ಮಣ್ಣು: ಮನೆಯಲ್ಲೇ ಬಿಡಿಸುವ ಗೋಡೆ ಚಿತ್ತಾರದಲ್ಲಿ ಯಾವ ಬಣ್ಣ ನಿಲ್ಲುತ್ತದೆ, ಯಾವುದು ಅಪಾಯ?

ಹಬ್ಬ ಹತ್ತಿರ ಬಂದು ಮನೆಗೆ ಸುಣ್ಣ ಬಣ್ಣ ಮಾಡುವ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೊಗಳು ಓಡಾಡತೊಡಗುತ್ತವೆ. ಅರಿಶಿನ, ಬೀಟ್‌ರೂಟ್, ಮೆಣಸಿನಪುಡಿ, ಸುಣ್ಣ ಕಲಸಿ ರಟ್ಟಿನ ಮೇಲೋ ಗೋಡೆಯ ಮೇಲೋ ಚಿತ್ರ ಬಿಡಿಸುತ್ತಾರೆ. ಜೊತೆಗೆ ಮೂರು ಮಾತು ಇರುತ್ತವೆ. ಖರ್ಚಿಲ್ಲ. ಬಣ್ಣ ವರ್ಷಗಟ್ಟಲೆ ಮಾಸುವುದಿಲ್ಲ. ಎಲ್ಲವೂ ನೈಸರ್ಗಿಕ, ಹಾಗಾಗಿ ಮಕ್ಕಳ ಕೈಗೂ ಕೊಡಬಹುದು. ಸೆಗಣಿ ಸೇರಿಸಿದರೆ ಮೊಬೈಲ್ ವಿಕಿರಣವನ್ನೂ ತಡೆಯುತ್ತದೆ ಎಂಬ ನಾಲ್ಕನೆಯ ಮಾತೂ ಒಮ್ಮೊಮ್ಮೆ ಸೇರಿಕೊಳ್ಳುತ್ತದೆ.

ಮೊದಲನೆಯದು ಬಹುಮಟ್ಟಿಗೆ ನಿಜ. ಎರಡನೆಯದು ಯಾವ ಬಣ್ಣ ಎಂಬುದರ ಮೇಲೆ ನಿಂತಿದೆ. ಮೂರನೆಯದು ತಪ್ಪು, ಅದೂ ಕಣ್ಣು ಕಳೆಯಬಲ್ಲ ತಪ್ಪು. ನಾಲ್ಕನೆಯದಕ್ಕೆ ಆಧಾರವಿಲ್ಲ.

ಬ್ಯಾಡಗಿಯ ಕೆಂಪು ಗೋಡೆಯ ಮೇಲೆ ಏಕೆ ನಿಲ್ಲದು?

ಹಾವೇರಿ ಜಿಲ್ಲೆಯವರಿಗೆ ಕೆಂಪು ಎಂದರೆ ಮೊದಲು ನೆನಪಾಗುವುದು ಬ್ಯಾಡಗಿ ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಕಾಯಿಯ ಹೆಸರು ಖಾರಕ್ಕಿಂತ ಬಣ್ಣಕ್ಕೇ ಹೆಚ್ಚು. ಇದರಿಂದ ತೆಗೆದ ಓಲಿಯೊರೆಸಿನ್ ಆಹಾರಕ್ಕೂ ಲಿಪ್‌ಸ್ಟಿಕ್, ಉಗುರುಬಣ್ಣಗಳಿಗೂ ಹೋಗುತ್ತದೆ. ಹಾಗಿದ್ದರೆ ಗೋಡೆಗೆ ಏಕೆ ಬೇಡ?

ಎರಡು ಕಾರಣ. ಮೆಣಸಿನಕಾಯಿಯ ಬಣ್ಣ ಕ್ಯಾರೊಟಿನಾಯ್ಡ್ ಗುಂಪಿಗೆ ಸೇರಿದ್ದು, ಅದರಲ್ಲಿ ಮುಖ್ಯವಾದದ್ದು ಕ್ಯಾಪ್ಸಾಂಥಿನ್. ಇದು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗದು. ಒಗ್ಗರಣೆಯ ಎಣ್ಣೆ ಕೆಂಪಗಾಗುವುದು, ನೀರಿನಲ್ಲಿ ನೆನೆಹಾಕಿದ ಪುಡಿ ತಳಕ್ಕೆ ಕೂರುವುದು ಇದೇ ಕಾರಣಕ್ಕೆ. ಇನ್ನೊಂದು, ಬೆಳಕು ಮತ್ತು ಗಾಳಿ ಈ ಬಣ್ಣವನ್ನು ಒಡೆಯುತ್ತವೆ. ಬ್ಯಾಡಗಿಯ ಸುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜ್‌ಗಳಿರುವುದು ಸುಮ್ಮನೆ ಅಲ್ಲ. ಬಣ್ಣ ಇಳಿದರೆ ದರವೂ ಇಳಿಯುತ್ತದೆ, ಅದಕ್ಕೇ ರೈತರೂ ವ್ಯಾಪಾರಿಗಳೂ ಬಾಡಿಗೆ ಕೊಟ್ಟು ಕಾಯಿಯನ್ನು ತಂಪಿನಲ್ಲಿ, ಕತ್ತಲಲ್ಲಿ ಇಡುತ್ತಾರೆ. ಹಾಗೆ ಕಾಪಾಡಬೇಕಾದ ಬಣ್ಣ ನಿಮ್ಮ ಪಡಸಾಲೆಯ ಬಿಸಿಲಿನ ಗೋಡೆಯ ಮೇಲೆ ವರ್ಷಗಟ್ಟಲೆ ಇರುತ್ತದೆ ಎಂದು ಹೇಳುವ ವಿಡಿಯೊವನ್ನು ನಂಬುವುದು ಕಷ್ಟ. ಪುಡಿ ಕಲಸುವಾಗ ಕಣ್ಣು ಮೂಗು ಉರಿಯುವುದು ಬೇರೆ.

ಅರಿಶಿನದ್ದೂ ಇದೇ ಕಥೆ. ಅದರ ಹಳದಿ ಕುರ್ಕುಮಿನ್‌ನಿಂದ ಬರುತ್ತದೆ. ಅರಿಶಿನದ ಕಲೆ ಹತ್ತಿದ ಬಟ್ಟೆಯನ್ನು ಬಿಸಿಲಿಗೆ ಹಾಕಿದರೆ ಕಲೆ ಹೋಗುತ್ತದೆ ಎಂಬುದು ಮನೆಮನೆಗೂ ಗೊತ್ತು. ಬಟ್ಟೆಯ ಮೇಲೆ ಒಳ್ಳೆಯದು ಎನಿಸುವ ಆ ಗುಣವೇ ಚಿತ್ರಕ್ಕೆ ಶತ್ರು. ಮೇಲಾಗಿ ಅರಿಶಿನ ಸುಣ್ಣಕ್ಕೆ ತಾಗಿದರೆ ಕೆಂಪಾಗುತ್ತದೆ, ಆರತಿಯ ಓಕುಳಿ ನೀರು ಆಗುವುದೇ ಹೀಗೆ. ಹೊಸದಾಗಿ ಸುಣ್ಣ ಬಳಿದ ಅಥವಾ ಹೊಸ ಸಿಮೆಂಟ್ ಗೋಡೆಯ ಮೇಲೆ ಹಳದಿ ಹೂವು ಬಿಡಿಸಲು ಹೊರಟರೆ ಕಂದುಗೆಂಪು ಹೂವು ಸಿಗುತ್ತದೆ. ಬೀಟ್‌ರೂಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೇಗ ಮಾಸುತ್ತದೆ, ಸುಣ್ಣ ತಾಗಿದರೆ ಹಳದಿಗೆ ತಿರುಗುತ್ತದೆ.

ನಿಲ್ಲುವ ಬಣ್ಣಗಳು ಕಾಲಕೆಳಗೇ ಇವೆ

ಗಿಡದ ಬಣ್ಣ ಮಾಸುತ್ತದೆ, ಮಣ್ಣಿನ ಬಣ್ಣ ನಿಲ್ಲುತ್ತದೆ ಎಂಬುದು ಒರಟು ಲೆಕ್ಕ, ಆದರೆ ಬಹಳ ಸಲ ಸರಿ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡ್, ಸುಲಭವಾಗಿ ಹೇಳುವುದಾದರೆ ಆಗಲೇ ತುಕ್ಕು ಹಿಡಿದ ಕಬ್ಬಿಣ. ಬೆಳಕು ಅದನ್ನು ಇನ್ನು ಹೆಚ್ಚು ಏನೂ ಮಾಡಲಾರದು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬಂಡೆಗಳ ಮೇಲೆ ಪ್ರಾಚೀನರು ಕೆಂಪು ಬಣ್ಣದಲ್ಲಿ ಬಿಡಿಸಿದ ಪ್ರಾಣಿ, ಮನುಷ್ಯರ ಚಿತ್ರಗಳು ಈಗಲೂ ಕಾಣುತ್ತವೆ. ಕಪ್ಪಿಗೆ ಇದ್ದಿಲು ಅಥವಾ ಮಸಿ ಸಾಕು, ಇಂಗಾಲ ಮಾಸುವುದಿಲ್ಲ. ಬಿಳಿಗೆ ಸುಣ್ಣ ಅಥವಾ ಅಕ್ಕಿಹಿಟ್ಟು.

ಈ ಮಾತಿಗೆ ಒಳ್ಳೆಯ ಸಾಕ್ಷಿ ಪಕ್ಕದ ಜಿಲ್ಲೆಯಲ್ಲೇ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಮತ್ತು ಉತ್ತರ ಕನ್ನಡದ ಸಿದ್ದಾಪುರದ ಕಡೆ ದೀವರ ಮನೆಗಳ ಹೆಣ್ಣುಮಕ್ಕಳು ಬಿಡಿಸುವ ಹಸೆ ಚಿತ್ತಾರದಲ್ಲಿ ಗೋಡೆಗೆ ಕೆಮ್ಮಣ್ಣು ಸಾರಿಸುತ್ತಾರೆ. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಅಕ್ಕಿಯನ್ನೇ ಕರಿಯಾಗುವವರೆಗೆ ಹುರಿದು ಅರೆದು ಕಪ್ಪು, ಗುರಿಗೆ ಕಾಯಿಯ ಬೀಜದಿಂದ ಹಳದಿ. ಕುಂಚ ಪುಂಡಿ ನಾರಿನದು. ಅಂಗಡಿಯಿಂದ ತರಬೇಕಾದದ್ದು ಇಲ್ಲವೆಂದೇ ಹೇಳಬಹುದು. ಮದುವೆಯ ಹಸೆಗೋಡೆಯ ಮೇಲಲ್ಲದೆ, ಭೂಮಿ ಹುಣ್ಣಿಮೆಗೆ ಹೊಲಕ್ಕೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ ಇರುತ್ತದೆ. ಬಾಡಿಗೆ ಮನೆಯವರಿಗೆ ಈ ಬುಟ್ಟಿಯೇ ದಾರಿ ತೋರಿಸುತ್ತದೆ. ಮಾಲೀಕರ ಗೋಡೆ ಮುಟ್ಟುವ ಬದಲು ಹಳೆಯ ಮೊರ, ಬುಟ್ಟಿ, ದಪ್ಪ ರಟ್ಟಿಗೆ ಕೆಮ್ಮಣ್ಣು ಸಾರಿಸಿ, ಚಿತ್ತಾರ ಬಿಡಿಸಿ ಮೊಳೆಗೆ ತೂಗುಹಾಕಬಹುದು. ಪೇಟೆಯಲ್ಲಿ ಫ್ರೇಮ್ ಹಾಕಿ ಮಾರುವ ಮುದ್ರಿತ ಚಿತ್ರಗಳಿಗಿಂತ ಇದು ಚೆಂದ ಎಂಬುದು ನನ್ನ ಪಕ್ಷಪಾತ.

ಮಣ್ಣು ಆರಿಸುವಾಗ ಒಂದು ಎಚ್ಚರ. ತುಂಗಭದ್ರೆಯ ದಂಡೆಯ ಐರಣಿ ಸೇರಿದಂತೆ ರಾಣೆಬೆನ್ನೂರು ತಾಲ್ಲೂಕಿನವರಿಗೆ ಎರೆ ಹೊಲ, ಮಸಾರಿ ಹೊಲ ಎರಡರ ಗುಣವೂ ಗೊತ್ತು. 'ಹೊಲದ ಮಣ್ಣು ಬಳಸಿ' ಎನ್ನುವ ವಿಡಿಯೊ ಈ ವ್ಯತ್ಯಾಸ ಹೇಳುವುದಿಲ್ಲ. ಎರೆಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ಬಿರುಕು ಬಿಡುವಂತೆ ನಿಮ್ಮ ಚಿತ್ರವೂ ಬಿರುಕು ಬಿಟ್ಟು ಉದುರುತ್ತದೆ. ಮಸಾರಿಯ ಕೆಂಪು ಮಣ್ಣು ಅಷ್ಟು ಕುಗ್ಗುವುದಿಲ್ಲ. ಅದನ್ನು ನೀರಿನಲ್ಲಿ ಕಲಕಿ, ಮರಳು ತಳಕ್ಕೆ ಕೂತ ಮೇಲೆ ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಒಂದು ದಿನ ಬಿಟ್ಟರೆ ನುಣ್ಣನೆಯ ಕೆಸರು ಸಿಗುತ್ತದೆ. ಅದೇ ಬಣ್ಣ.

ಬಣ್ಣ ಅಂಟಲು ಅಂಟು ಬೇಕು. ಅನ್ನದ ಗಂಜಿ ಸಾಕಾಗುತ್ತದೆ. ಹುಣಸೆ ಬೀಜ ಹುರಿದು ಸಿಪ್ಪೆ ತೆಗೆದು, ನೆನೆಸಿ, ಅರೆದು ಕುದಿಸಿದ ಅಂಟು ಇನ್ನೂ ಗಟ್ಟಿ. ಕಂಬಳಿ ನೇಯುವ ಕುರುಬರು ನೂಲಿಗೆ ಕೊಡುವ ಗಂಜಿ ಇದೇ, ಕಿನ್ನಾಳದ ಗೊಂಬೆ ಮಾಡುವವರೂ ಬಳಸುವುದು ಇದನ್ನೇ. ಇವೆಲ್ಲ ಪಿಷ್ಟ, ಶರ್ಕರಗಳ ಅಂಟು. ಆದ್ದರಿಂದ ಜಿರಳೆ ಬರಬಹುದು, ತೇವದ ಗೋಡೆಯ ಮೇಲೆ ಬೂಸ್ಟು ಹಿಡಿಯಬಹುದು. ಇದನ್ನು ತಡೆಯಲು ಮೈಲುತುತ್ತ ಬೆರೆಸಿ ಎನ್ನುವ ಸಲಹೆ ಬಂದರೆ, ಅದು ವಿಷ ಎಂಬುದು ನೆನಪಿರಲಿ. ಮಕ್ಕಳಿರುವ ಮನೆಗೆ ಬೇಡ.

ಸುಣ್ಣ: ಅಗ್ಗವೂ ಹೌದು, ಅಪಾಯವೂ ಹೌದು

ಗೋಡೆಯ ಮೇಲೆ ಸುಣ್ಣ ಗಟ್ಟಿಯಾಗುವುದು ಬರೀ ಒಣಗಿ ಅಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅದು ಮತ್ತೆ ಸುಣ್ಣದಕಲ್ಲಿನ ರೂಪಕ್ಕೆ ಮರಳುತ್ತದೆ. ಕರಾವಳಿಯ ಕಾವಿ ಚಿತ್ರಗಳಲ್ಲಿ ಸುಣ್ಣದ ಗಾರೆಯ ಮೇಲೆ ಕಾವಿಮಣ್ಣಿನ ಪದರ ಕೊಟ್ಟು, ಹಸಿಯಿರುವಾಗಲೇ ಕೆರೆದು ಒಳಗಿನ ಬಿಳಿಯನ್ನು ಕಾಣಿಸುತ್ತಾರೆ. ಅವು ಮಳೆಗಾಲಗಳನ್ನು ತಡೆದು ಉಳಿದಿರುವುದು ಈ ಗುಣದಿಂದ.

ಆದರೆ ಹಸಿ ಸುಣ್ಣ ತೀವ್ರ ಕ್ಷಾರ. ಸುಡುವ ಸುಣ್ಣದ ಹರಳಿಗೆ ನೀರು ಹಾಕಿದಾಗ ಕುದಿಯುವಷ್ಟು ಬಿಸಿಯಾಗಿ ಸಿಡಿಯುತ್ತದೆ. ಅದು ಆರಿದ ಮೇಲೂ ಕಣ್ಣಿಗೆ ಬಿದ್ದರೆ ಕಣ್ಣಿನ ಮೇಲ್ಪದರವನ್ನು ಕರಗಿಸುತ್ತ ಒಳಗಿಳಿಯುತ್ತದೆ, ದೃಷ್ಟಿ ಶಾಶ್ವತವಾಗಿ ಹೋಗಬಹುದು. ಎಲೆ ಅಡಿಕೆಗೆ ಕೊಳ್ಳುವ ಸುಣ್ಣದ ಸಣ್ಣ ಪೊಟ್ಟಣವನ್ನು ಮಕ್ಕಳು ಹಿಸುಕಿ, ಅದು ಒಡೆದು ಕಣ್ಣಿಗೆ ಸಿಡಿದ ಪ್ರಕರಣಗಳನ್ನು ನಮ್ಮ ದೇಶದ ಕಣ್ಣಿನ ವೈದ್ಯರು ಮತ್ತೆ ಮತ್ತೆ ವರದಿ ಮಾಡಿದ್ದಾರೆ. ನೈಸರ್ಗಿಕ ಎಂಬ ಪದ ಇಲ್ಲಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಹಳೆಯ ಚಿತ್ರಕಾರರು ಬಳಸುತ್ತಿದ್ದ ಇಂಗಳೀಕ, ಹರಿತಾಳಗಳೂ ನೆಲದಿಂದಲೇ ಬಂದವು. ಒಂದರಲ್ಲಿ ಪಾದರಸ ಇದೆ, ಇನ್ನೊಂದರಲ್ಲಿ ಆರ್ಸೆನಿಕ್.

ಕಣ್ಣಿಗೆ ಸುಣ್ಣ ಬಿದ್ದರೆ ತಕ್ಷಣ, ಇದ್ದ ಜಾಗದಲ್ಲೇ, ರೆಪ್ಪೆ ಬಿಡಿಸಿ ಹಿಡಿದು ಶುದ್ಧ ನೀರನ್ನು ಧಾರೆಯಾಗಿ ಬಿಡಿ. ಕನಿಷ್ಠ ಅರ್ಧ ಗಂಟೆ. ಉಜ್ಜಬೇಡಿ. ಸುಣ್ಣದ ಚೂರು ಕಂಡರೆ ಒದ್ದೆ ಹತ್ತಿಯಿಂದ ತೆಗೆಯಿರಿ. ಕ್ಷಾರಕ್ಕೆ ಆಮ್ಲ ಮದ್ದು ಎಂದು ನಿಂಬೆರಸ ಹಿಂಡುವುದು, ತಂಪಿಗೆ ಎಂದು ತುಪ್ಪ, ಎಣ್ಣೆ, ಹಾಲು ಹಾಕುವುದು ಬೇಡವೇ ಬೇಡ. ತೊಳೆದ ಮೇಲೆ ನೋವು ಕಡಿಮೆಯಾದರೂ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಿ, ದಾರಿಯಲ್ಲೂ ನೀರು ಬಿಡುತ್ತಿದ್ದರೆ ಒಳ್ಳೆಯದು. ಸುಣ್ಣದ ಕೆಲಸ ದೊಡ್ಡವರು ಕನ್ನಡಕ ಹಾಕಿಕೊಂಡು ಮಾಡಲಿ, ಮಕ್ಕಳಿಗೆ ಬಿಳಿ ಬೇಕಿದ್ದರೆ ಅಕ್ಕಿ ಅರೆದು ಕೊಡಿ.

ಹಳೆಯ ಬಣ್ಣ ಕೆರೆಯುವ ಮುನ್ನ

ಚಿತ್ರಕ್ಕೆ ಜಾಗ ಮಾಡಲು ಗೋಡೆ, ಬಾಗಿಲು, ಕಿಟಕಿಯ ಹಳೆಯ ಆಯಿಲ್ ಪೇಂಟನ್ನು ಉಪ್ಪುಕಾಗದದಿಂದ ತಿಕ್ಕುವುದು ವಿಡಿಯೊಗಳಲ್ಲಿ ಸಾಮಾನ್ಯ. ಇಲ್ಲಿ ಸೀಸದ ಪ್ರಶ್ನೆ ಬರುತ್ತದೆ. ಮನೆ ಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ಕೇಂದ್ರದ ನಿಯಮ 2016ರಲ್ಲಿ ಬಂದು, 2017ರ ನವೆಂಬರ್‌ನಿಂದ ಜಾರಿಯಾಯಿತು. ಅದಕ್ಕೂ ಹಿಂದಿನ ಬಣ್ಣದಲ್ಲಿ, ಅದರಲ್ಲೂ ಹೊಳೆಯುವ ಹಳದಿ, ಕಿತ್ತಳೆ, ಕೆಂಪು ಬಣ್ಣದಲ್ಲಿ ಸೀಸ ಇದ್ದಿರುವ ಸಾಧ್ಯತೆ ಹೆಚ್ಚು. ತಿಕ್ಕಿದಾಗ ಏಳುವ ಧೂಳು ಮಕ್ಕಳ ಕೈ, ಬಾಯಿಗೆ ಹೋಗುತ್ತದೆ. ಮಕ್ಕಳ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಣಗಿದ ಬಣ್ಣ ತಿಕ್ಕಬೇಡಿ. ಕಿತ್ತು ಬರದಿದ್ದರೆ ಹಾಗೇ ಬಿಟ್ಟು ಅದರ ಮೇಲೆ ಮೊರ ಅಥವಾ ರಟ್ಟು ತೂಗುಹಾಕಿ. ಕೆರೆಯಲೇಬೇಕಾದರೆ ನೀರು ಹಚ್ಚಿ ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿ.

ಅಗ್ಗದ ಕುಂಕುಮ, ಸಿಂಧೂರಗಳನ್ನು ಬಣ್ಣವಾಗಿ ಬಳಸುವವರಿಗೂ ಇದೇ ಮಾತು. ಅರಿಶಿನದಿಂದ ಮಾಡಿದ ಕುಂಕುಮ ಬೇರೆ, ಸೀಸದ ಆಕ್ಸೈಡ್ ಇರುವ ಕಿತ್ತಳೆಗೆಂಪು ಪುಡಿ ಬೇರೆ. ಕಣ್ಣಿನಿಂದ ನೋಡಿ ಹೇಳಲು ಆಗುವುದಿಲ್ಲ.

ಸೆಗಣಿ ಮತ್ತು ಮೊಬೈಲ್ ವಿಕಿರಣ

2020ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರು ಸೆಗಣಿಯ ಚಿಪ್ ಮೊಬೈಲ್ ವಿಕಿರಣ ಕಡಿಮೆ ಮಾಡುತ್ತದೆ ಎಂದಾಗ, ನೂರಾರು ವಿಜ್ಞಾನಿಗಳು ಪುರಾವೆ ಕೇಳಿ ಪತ್ರ ಬರೆದರು. ಮನೆಯಲ್ಲೇ ಯೋಚಿಸಿ ನೋಡಬಹುದು. ಸೆಗಣಿ ಸಾರಿಸಿದ ಗೋಡೆ ಈ ಅಲೆಗಳನ್ನು ತಡೆಯುವಂತಿದ್ದರೆ ಆ ಮನೆಯೊಳಗೆ ನೆಟ್‌ವರ್ಕ್ ಬರಬಾರದು, ಫೋನ್ ರಿಂಗ್ ಆಗಬಾರದು. ಆಗುತ್ತದಲ್ಲ! ಸೆಗಣಿ ಮಣ್ಣನ್ನು ಹಿಡಿದಿಡುತ್ತದೆ, ಅದರ ನಾರು ಬಿರುಕು ತಗ್ಗಿಸುತ್ತದೆ. ಸಾರಿಸಲು ಅಷ್ಟು ಕಾರಣ ಸಾಕು.

ಬಣ್ಣ ನಿಲ್ಲುತ್ತದೋ ಇಲ್ಲವೋ, ನೀವೇ ನೋಡಿ

ಒಂದು ಬಿಳಿ ರಟ್ಟಿನ ಮೇಲೆ ಅರಿಶಿನ, ಮೆಣಸಿನಪುಡಿ, ಬೀಟ್‌ರೂಟ್, ಕೆಮ್ಮಣ್ಣು, ಇದ್ದಿಲು ಇವುಗಳನ್ನು ಒಂದೊಂದು ಪಟ್ಟಿಯಾಗಿ ಅದೇ ಗಂಜಿಯಲ್ಲಿ ಕಲಸಿ ಬಳಿಯಿರಿ. ಒಣಗಿದ ಮೇಲೆ ಅರ್ಧ ಭಾಗಕ್ಕೆ ದಪ್ಪ ಕಪ್ಪು ಕಾಗದ ಸುತ್ತಿ, ಬಿಸಿಲು ಬೀಳುವ ಕಿಟಕಿಯಲ್ಲಿ 15 ದಿನ ಇಡಿ. ದಿನಾಂಕವನ್ನು ಹಿಂದೆ ಬರೆದಿಡಿ. ಕಾಗದ ತೆಗೆದಾಗ ಯಾವ ಪಟ್ಟಿಯಲ್ಲಿ ಎರಡು ಬಣ್ಣ ಕಾಣುತ್ತವೋ ಅದು ಮಾಸುವ ಬಣ್ಣ. ಈ ರಟ್ಟಿನ ಫೋಟೊವನ್ನು ಗುಂಪಿಗೆ ಹಾಕಬಹುದು, ವಿಡಿಯೊ ಕಳಿಸಿದವರಿಗೆ ಉತ್ತರವಾಗಿ.