ಕೊರೆ

ಕೆತ್ತುವುದಕ್ಕೂ ಕೊರೆಯುವುದಕ್ಕೂ ವ್ಯತ್ಯಾಸವಿದೆ. ಕೆತ್ತುವವನು ಮೇಲಿನ ಚಕ್ಕೆಗಳನ್ನು ಎಬ್ಬಿಸುತ್ತಾನೆ. ಕೊರೆಯುವವನು ಒಳಕ್ಕೆ ಇಳಿಯುತ್ತಾನೆ. ಬಾದಾಮಿಯ ಮೂರನೆಯ ಗುಹಾಲಯ ಇದಕ್ಕೆ ಒಳ್ಳೆಯ ನಿದರ್ಶನ. ಚಾಲುಕ್ಯ ಮಂಗಳೇಶನ ಕುಶಲಕರ್ಮಿಗಳು ಅಲ್ಲಿ ಮರಳುಗಲ್ಲಿನ ಬಂಡೆಯನ್ನು ಕೊರೆದು ಮಂಟಪ, ಕಂಬ, ಗರ್ಭಗುಡಿಗಳಿಗೆ ಜಾಗ ಮಾಡಿದರು, ಆಮೇಲೆ ಅವುಗಳ ಮೇಲೆ ಶಿಲ್ಪ ಕೆತ್ತಿದರು. ಅಲ್ಲಿನ ಶಾಸನದ ಕಾಲ ಕ್ರಿ.ಶ. 578. ಕಂಬವನ್ನು ತಂದು ನಿಲ್ಲಿಸಿದ್ದಲ್ಲ, ಸುತ್ತಲಿನ ಕಲ್ಲನ್ನು ತೆಗೆದು ಉಳಿಸಿಕೊಂಡದ್ದು ಎಂಬುದು ನನಗೆ ಇಂದಿಗೂ ಬೆರಗು.

ಹಳಗನ್ನಡದಲ್ಲಿ ಈ ಧಾತು ‘ಕೊಱೆ’. ಶಕಟರೇಫ ಬಿಟ್ಟುಹೋದ ಮೇಲೆ ‘ಕೊರೆ’ ಆಯಿತು. ಕಡಿ, ಕತ್ತರಿಸು ಎಂಬುದು ಹಳೆಯ ಅರ್ಥ. ತಮಿಳಿನ ‘ಕುಱೈ’ ಇದರ ನೆಂಟ. ಅದಕ್ಕೆ ಕಡಿಮೆಯಾಗು ಎಂಬ ಅರ್ಥವೂ ಉಂಟು. ನಮ್ಮ ‘ಕೊರತೆ’ ಇದೇ ಬಳಗದ್ದು.

ಉಳಿ ಹಿಡಿದ ಕೈಯಷ್ಟೇ ಕೊರೆಯುವುದಿಲ್ಲ. ಮಳೆನೀರು ಹರಿದು ನೆಲದಲ್ಲಿ ಮೂಡಿಸಿದ್ದು ಕೊರಕಲು. ಹಂಪಿಯ ಆಸುಪಾಸಿನ ತುಂಗಭದ್ರೆಯ ಪಾತ್ರದಲ್ಲಿ, ಸುಳಿಗೆ ಸಿಕ್ಕ ಬೆಣಚುಗಳು ಗಿರಗಿರನೆ ತಿರುಗಿ ಗ್ರಾನೈಟಿನಲ್ಲೂ ನುಣುಪಾದ ಕುಳಿಗಳನ್ನು ಕೊರೆದಿವೆ. ಕರಾವಳಿಯವರಿಗೆ ‘ಕಡಲ್ಕೊರೆತ’ ಪ್ರತಿ ಮಳೆಗಾಲದ ಆತಂಕ. ಉಳ್ಳಾಲದಲ್ಲಿ ಮನೆ, ತೆಂಗಿನ ಮರಗಳೇ ಹೋಗಿವೆ. ಕಾಫಿ ಬೆಳೆಗಾರರು ಹೆದರುವುದು ಕಾಂಡಕೊರಕಕ್ಕೆ. ಬಯಲುಸೀಮೆಯಲ್ಲಿ ಕೊರೆಸುವುದೆಂದರೆ ಕೊಳವೆಬಾವಿಯೇ. ಪುಷ್ಯಮಾಸದ ಚಳಿಯೂ ಕೊರೆಯುತ್ತದೆ, ಬಿಡದೆ ಮಾತಾಡುವವರೂ ಕೊರೆಯುತ್ತಾರೆ.