ಬೇಡಿ ಪಡೆದ ನಾಯಿ (ಕಲ್ಲು ಹೇಳೋ ಕಥೆ – 4)

ಚಿಂತಾಮಣೀಲಿ ನಮ್ಮ ಚಿಕ್ಕಪ್ಪನ ಮನೇಲಿ ಒಂದು ಗ್ರೇಟ್ ಡೇನ್ ಇದೆ. ಅವರ ನಾಲ್ಕು ವರ್ಷದ ಮಗಳ ಪಕ್ಕ ನಿಂತರೆ ಕರುವೇ ನಿಂತ ಹಾಗೆ. ಪ್ರೀತಿಯಿಂದ ಬಾಲ ಆಡಿಸಿದ್ರೂ ಮಗು ಬೀಳುತ್ತೆ. "ಯಾರಿಗಾದ್ರೂ ಕೊಟ್ಬಿಡ್ರೋ" ಅಂತಾರೆ ಅಜ್ಜಿ.

ಗೊತ್ತಾ ನಿಮಗೆ? ಈ ತಳಿಯ ಪೂರ್ವಜರನ್ನ ಜರ್ಮನಿಯಲ್ಲಿ ಸಾಕಿದ್ದು ಕಾಡುಹಂದಿ ಬೇಟೆಗೆ. ಅದೇ ಕೆಲಸದ ನಾಯಿಯೊಂದು ನಮ್ಮ ನಾಡಲ್ಲೂ ಇತ್ತು. ಹೆಸರು ಕಾಳಿ.

ಕ್ರಿ.ಶ. 949ರ ಸುಮಾರಿಗೆ ತಕ್ಕೋಲಂ ಯುದ್ಧದಲ್ಲಿ ಮಣಲೇರ ತೋರಿಸಿದ ಶೌರ್ಯಕ್ಕೆ ಮೆಚ್ಚಿ, ಗಂಗರ ಇಮ್ಮಡಿ ಬೂತುಗ "ಬೇಕಾದ್ದು ಕೇಳು" ಅಂದ. ಅವನು ಕೇಳಿದ್ದು ಕಾಳಿಯನ್ನ! ಮುಂದೆ ಬೇಟೆಯಲ್ಲಿ ಹಂದಿಯೂ ಕಾಳಿಯೂ ಕಾದಾಡಿ ಎರಡೂ ಸತ್ತವು. ಈಗಿನ ಮದ್ದೂರು ತಾಲ್ಲೂಕಿನ ಆತಕೂರಲ್ಲಿ ಕಾಳಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಕಲ್ಲನ್ನ ಪೂಜಿಸದೆ ಗೊರವ ಉಂಡರೆ ಪಾಪ ಅಂತಲೂ ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಬಿಕಾಂ ಓದೋ ನನಗೆ ಕಂಡಿದ್ದು ಲೆಕ್ಕ: ಸತ್ತ ನಾಯಿಗೂ ಅವರು ಖರ್ಚಿನ ಬಾಬ್ತು ಎತ್ತಿಟ್ಟರು. ಬದುಕಿರೋ ನಾಯಿಗೆ ನಾವು ಕೊಡಬೇಕಾದ್ದು ಜಾಗ, ಊಟ, ದಿನಾ ವಾಕಿಂಗ್. ಮಗು ಜೊತೆ ಇದ್ದಾಗಂತೂ ಪಕ್ಕದಲ್ಲೊಬ್ಬ ದೊಡ್ಡವರು.

ಬೇಡಿ ತಂದ ಮೇಲೆ "ಬೇಡ" ಅನ್ನಬಹುದಾ? ನೀವೇ ಹೇಳಿ.

#ಕಲ್ಲುಹೇಳೋಕಥೆ #ಆತಕೂರು #ನಮ್ಮಚಿಕ್ಕಬಳ್ಳಾಪುರ